ಮಡಿಲೇನು ಸೀಟ್ ಬೆಲ್ಟಾ?

ಬರೆಯದೆ ಬಹಳ ದಿನಗಳಾದವು. ಆಫೀಸು, ರಿಲೀಸು, ಅದರ ಮೇಲೆ ಸೋಮಾರಿತನ.. ಕಾರಣಗಳಿಗೇನು ಬರ. ಆದರೆ ಕಳೆದ ದಸರಾ ರಜೆಯಿಂದ ಒಂದು ವಿಷಯ ತಲೆ ಕೊರೆಯುತ್ತಿದೆ. ಬರೆದು ಮುಗಿಸಿದರೆ ಸ್ವಲ್ಪ ಹಗುರಾಗಬಹುದೇನೋ ಅಂತ ಇವತ್ತು ಕೂತಿದ್ದೇನೆ.

ನಮ್ಮೂರು ಬೈರಕೂರು. ಮುಳಬಾಗಿಲು ತಾಲ್ಲೂಕು, ಕೋಲಾರ ಜಿಲ್ಲೆ. ಬೆಂಗಳೂರಲ್ಲಿ ಯಾರಾದರೂ ಊರು ಕೇಳಿದರೆ 'ಮುಳಬಾಗಿಲು' ಅಂದುಬಿಡುತ್ತೇನೆ, ದೋಸೆಯ ಹೆಸರಿನಿಂದಲಾದರೂ ಗೊತ್ತಾಗಲಿ ಅಂತ. ಆಂಧ್ರದ ಗಡಿ ಹತ್ತಿರವೇ ಆದ್ದರಿಂದ ನಮ್ಮ ಮನೆಗಳಲ್ಲಿ ಕನ್ನಡದೊಳಗೆ ತೆಲುಗು, ತೆಲುಗಿನೊಳಗೆ ಕನ್ನಡ. ನಮ್ಮಜ್ಜಿಗೆ ಸಿಟ್ಟು ಬಂದರೆ ಕನ್ನಡ, ಸಮಾಧಾನ ಹೇಳಬೇಕಾದರೆ ತೆಲುಗು. ಪರೀಕ್ಷೆಯಲ್ಲಿ ಫೇಲಾಗಲಿ, ಟೊಮೆಟೊ ರೇಟು ಬಿದ್ದುಹೋಗಲಿ, ಅವಳದು ಒಂದೇ ಮಾತು, "ಏಂ ಕಾದು ಲೇರಾ." ಏನೂ ಆಗಲ್ಲ ಬಿಡೋ ಅಂತ ಅರ್ಥ. ಈ ಮಾತು ಕೇಳಿಕೊಂಡೇ ಬೆಳೆದವನು ನಾನು. ಈಗ ಆ ಮಾತಿನ ಮೇಲೇ ನನಗೆ ತಕರಾರು.

ನಡೆದದ್ದು ಇಷ್ಟು. ಅಮ್ಮ ಮತ್ತು ಅಜ್ಜಿ ಬೆಂಗಳೂರಿಗೆ ಅಕ್ಕನ ಮನೆಗೆ ಬಂದಿದ್ದರು. ರಜೆ ಶುರುವಾಯಿತಲ್ಲ, ಎಲ್ಲರನ್ನೂ ನನ್ನ ಕಾರಿನಲ್ಲೇ ಊರಿಗೆ ಕರೆದೊಯ್ದೆ. (ಕಾರು ಅಂದರೆ ಸೆಕೆಂಡ್ ಹ್ಯಾಂಡು. 2021ರ ಮಾಡೆಲ್, ಚಿಕ್ಕದು, ಮುಂದೆ ಎರಡು ಏರ್‌ಬ್ಯಾಗು. ಕೊಂಡು ಎಂಟು ತಿಂಗಳಾಗಿತ್ತು.) ಮುಂದಿನ ಸೀಟಿನಲ್ಲಿ ಅಮ್ಮ, ಅವಳ ಮಡಿಲಲ್ಲಿ ಅಕ್ಕನ ಒಂದೂವರೆ ವರ್ಷದ ಮಗ. ಹಿಂದೆ ಅಜ್ಜಿ, ಅಕ್ಕ, ಎಡಗಡೆ ಕಿಟಕಿಯ ಪಕ್ಕ ನಾಲ್ಕು ವರ್ಷದ ಸೊಸೆಮುದ್ದು. ಬೆಲ್ಟು ಹಾಕಿದ್ದವನು ನಾನೊಬ್ಬನೇ. ಹೊಸಕೋಟೆ, ನರಸಾಪುರ, ಕೋಲಾರ ಎಲ್ಲ ದಾಟಿ ಹೈವೇಯಲ್ಲಿ ತೊಂಬತ್ತರ ಮೇಲೆ ಆರಾಮಾಗಿ ಬಂದೆವು. ಮುಳಬಾಗಿಲು ದಾಟಿ ನಮ್ಮೂರ ರಸ್ತೆಗೆ ತಿರುಗಿದ ಮೇಲೆ ಒಂದು ಹಳ್ಳಿಯ ಹಂಪ್ ಹತ್ತಿರ ನಿಧಾನ ಮಾಡಿದೆ. ಇಪ್ಪತ್ತು ಕಿಲೋಮೀಟರ್ ವೇಗವಿತ್ತೇನೋ. ಆಗಲೇ ಮಗು ಬಾಗಿಲಿನ ಹಿಡಿ ಎಳೆದದ್ದು.

ಬಾಗಿಲು ತೆರೆದುಕೊಂಡಿತು.

ಅಕ್ಕನ ಕೈಗೆ ಮಗುವಿನ ಫ್ರಾಕು ಸಿಕ್ಕಿತು. ಅಷ್ಟೇ ಕಥೆ. ಸಿಗದೇ ಇದ್ದಿದ್ದರೆ ಅನ್ನುವುದನ್ನು ಬರೆಯಲು ಕೈ ಬರುತ್ತಿಲ್ಲ. ಒಂದು ಕಾಲಿನ ಚಪ್ಪಲಿ ರಸ್ತೆಗೆ ಬಿತ್ತು. ಕಾರು ನಿಲ್ಲಿಸಿ ಹಿಂದೆ ನಡೆದು ಹೋಗಿ ಆ ಗುಲಾಬಿ ಬಣ್ಣದ ಚಪ್ಪಲಿ ಎತ್ತಿಕೊಂಡು ಬರುವಾಗ ನನ್ನ ಮೊಣಕಾಲು ನಡುಗುತ್ತಿತ್ತು. ಹಿಂದೆ ಬರುತ್ತಿದ್ದ ಟ್ರ್ಯಾಕ್ಟರಿನವನು ಪಕ್ಕಕ್ಕೆ ಸರಿಸಿಕೊಂಡು ಹೋದ, ಏನೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮತ್ತೆ ಕಾರು ಹೊರಟ ಮೇಲೆ ಯಾರೂ ಮಾತಾಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಹಿಂದಿನಿಂದ ಅಜ್ಜಿಯ ದನಿ. "ಏಂ ಕಾದು ಲೇರಾ, ನೀನು ನೋಡ್ಕಂಡು ಓಡ್ಸು."

ಆ ರಾತ್ರಿ ಎಲ್ಲರೂ ಮಲಗಿದ ಮೇಲೆ ಮೊಬೈಲ್ ಟಾರ್ಚ್ ಹಿಡಿದು ಅಂಗಳದಲ್ಲಿ ನಿಂತಿದ್ದ ಕಾರಿನ ಹತ್ತಿರ ಹೋದೆ. ಗ್ಲೌಸ್ ಬಾಕ್ಸಿನಲ್ಲಿ ಪ್ಲಾಸ್ಟಿಕ್ ಕವರು ಕೂಡ ಬಿಚ್ಚದ ಕೈಪಿಡಿ ಇತ್ತು. ಹಳೆಯ ಮಾಲೀಕರೂ ಓದಿರಲಿಲ್ಲ, ನಾನೂ ಓದಿರಲಿಲ್ಲ. ಆಫೀಸಿನಲ್ಲಿ ಜೂನಿಯರ್ ಹುಡುಗರು ಡಾಕ್ಯುಮೆಂಟೇಶನ್ ಓದದೆ ಪ್ರಶ್ನೆ ಕೇಳಿದರೆ ಮುಖ ಸಿಂಡರಿಸುವ ಮಹಾಶಯ ನಾನು! ಒಂದು ಗಂಟೆ ಓದಿ, ಕಾರಿನೊಳಗೆಲ್ಲ ಕೈ ಹಾಕಿ ನೋಡಿದಾಗ ನನ್ನ ಮರ್ಯಾದೆ ಕಳೆಯುವಷ್ಟು ಸಂಗತಿಗಳು ಸಿಕ್ಕವು.

ಮೊದಲನೆಯದು ಚೈಲ್ಡ್ ಲಾಕು. ಹಿಂದಿನ ಬಾಗಿಲು ತೆರೆದರೆ ಅದರ ಅಂಚಿನಲ್ಲಿ, ಬೀಗ ಕೂರುವ ಜಾಗದ ಹತ್ತಿರ, ಒಂದು ಪುಟ್ಟ ಸನ್ನೆ ಇರುತ್ತದೆ. ಅದನ್ನು ಒತ್ತಿಟ್ಟರೆ ಒಳಗಿನ ಹಿಡಿ ಎಷ್ಟು ಎಳೆದರೂ ಬಾಗಿಲು ತೆರೆಯುವುದಿಲ್ಲ, ಹೊರಗಿನಿಂದ ಮಾತ್ರ ತೆರೆಯುತ್ತದೆ. ಬೆರಳಿನ ಉಗುರಿನಷ್ಟು ಪ್ಲಾಸ್ಟಿಕ್ಕು. ಎಂಟು ತಿಂಗಳು ಅದರ ಪಕ್ಕದಲ್ಲೇ ಬಾಗಿಲು ಹಾಕಿ ತೆಗೆದು ಮಾಡಿದ್ದೇನೆ, ಕಣ್ಣಿಗೆ ಬಿದ್ದಿರಲಿಲ್ಲ. ವೇಗ ಹೆಚ್ಚಾದಾಗ ತಾನಾಗಿಯೇ ಬಾಗಿಲು ಲಾಕ್ ಆಗುವ ವ್ಯವಸ್ಥೆ ಎಷ್ಟೋ ಕಾರುಗಳಲ್ಲಿದೆ, ನನ್ನದರಲ್ಲಿ ಇಲ್ಲ. ಇದೆ ಅಂದುಕೊಂಡಿದ್ದೆ. ಅಂದುಕೊಳ್ಳುವುದಕ್ಕೇನು ಖರ್ಚು!

ಎರಡನೆಯದು ಹಿಂದಿನ ಬೆಲ್ಟುಗಳು. ಪಟ್ಟಿ ಕಾಣಿಸುತ್ತಿತ್ತು, ಅದನ್ನು ಸಿಕ್ಕಿಸುವ ಬಕಲ್ ಎಲ್ಲಿ? ಹುಡುಕಿದರೆ ಸೀಟ್ ಕವರಿನ ಅಡಿಯಲ್ಲಿ ಮೂರೂ ಹೂತುಹೋಗಿದ್ದವು. ಕವರ್ ಹಾಕಿಸುವಾಗ ಅಂಗಡಿಯ ಹುಡುಗ "ಹಿಂದೆ ಯಾರೂ ಹಾಕಲ್ಲ ಸಾರ್, ಚುಚ್ಚುತ್ತೆ, ಒಳಗೆ ತಳ್ಳಿಬಿಡ್ತೀನಿ" ಅಂದದ್ದು ನೆನಪಾಯಿತು. ನಾನು ಹೂಂ ಅಂದದ್ದೂ ನೆನಪಾಯಿತು.

ಮೂರನೆಯದು ನೋಡಿದಾಗ ಮಾತ್ರ ನಿಜಕ್ಕೂ ನಾಚಿಕೆಯಾಯಿತು. ಅಮ್ಮ ಕೂತಿದ್ದ ಮುಂದಿನ ಸೀಟಿನ ಬಕಲ್‌ನಲ್ಲಿ ಬೆಲ್ಟೇ ಇಲ್ಲದ ಒಂದು ಲೋಹದ ನಾಲಗೆ ಸಿಕ್ಕಿಸಿತ್ತು. ಬೆಲ್ಟು ಹಾಕದಿದ್ದರೆ ಕುಂಯ್ ಕುಂಯ್ ಅನ್ನುತ್ತದಲ್ಲ, ಆ ಸದ್ದನ್ನು ಬಾಯಿ ಮುಚ್ಚಿಸುವ ಕ್ಲಿಪ್ಪು. ಹಳೆಯ ಮಾಲೀಕರು ಬಿಟ್ಟುಹೋದ ಉಡುಗೊರೆ. 2023ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಇವುಗಳ ಮಾರಾಟ ನಿಲ್ಲಿಸಿ ಅಂತ ಅಮೆಜಾನ್, ಫ್ಲಿಪ್‌ಕಾರ್ಟ್ ಸೇರಿ ಐದು ಆನ್‌ಲೈನ್ ಅಂಗಡಿಗಳಿಗೆ ಆದೇಶ ಕೊಟ್ಟಿತ್ತು. 13,118 ಕಡೆಯಿಂದ ಈ ಸರಕು ತೆಗೆಸಿದರಂತೆ. ಯೋಚನೆ ಮಾಡಿ, ಎಚ್ಚರಿಕೆ ಕೊಡುವ ಯಂತ್ರಕ್ಕೆ ಸುಳ್ಳು ಹೇಳುವ ಸಾಧನಕ್ಕೆ ಅಷ್ಟು ದೊಡ್ಡ ಮಾರುಕಟ್ಟೆ! ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ ಅಲಾರಂ ಬಂದಾಗ ಬಗ್ ಸರಿಮಾಡದೆ ಅಲಾರಂ ಆಫ್ ಮಾಡಿ ಮನೆಗೆ ಹೋಗುವುದು. ಅದನ್ನು ಯಾರಾದರೂ ಆಫೀಸಿನಲ್ಲಿ ಮಾಡಿದರೆ ನಾನು ಉದ್ದುದ್ದ ಮೇಲ್ ಬರೆಯುತ್ತೇನೆ.

ನಾಲ್ಕನೆಯದು ನೆತ್ತಿಯ ಮೇಲೇ ಇತ್ತು. ಬಿಸಿಲು ತಡೆಯುವ ಹಲಗೆ ಇರುತ್ತದಲ್ಲ, ಎಡಗಡೆಯದರ ಮೇಲೆ ಒಂದು ಹಳದಿ ಚೀಟಿ. ಏರ್‌ಬ್ಯಾಗ್ ಇರುವ ಸೀಟಿನಲ್ಲಿ ಹಿಂದಕ್ಕೆ ಮುಖ ಮಾಡುವ ಮಕ್ಕಳ ಸೀಟು ಇಡಬೇಡಿ, ಮಗು ಸಾಯಬಹುದು ಅನ್ನುವ ಚಿತ್ರ. ಅದರ ಕೆಳಗೇ, ಡ್ಯಾಶ್‌ಬೋರ್ಡಿನ ಏರ್‌ಬ್ಯಾಗ್ ಮುಚ್ಚಳದ ಮೇಲೆ, ಅಮ್ಮ ಅಂಟಿಸಿದ್ದ ಕುರುಡುಮಲೆ ಗಣೇಶನ ಪುಟ್ಟ ಕಲ್ಲಿನ ಮೂರ್ತಿ. ಏರ್‌ಬ್ಯಾಗ್ ಬಿಚ್ಚಿಕೊಂಡರೆ ಆ ಮುಚ್ಚಳ ಹಾರುವ ರಭಸಕ್ಕೆ ಮೂರ್ತಿ ನೇರ ಅಮ್ಮನ ಮುಖಕ್ಕೆ, ಇಲ್ಲವೇ ಮಡಿಲಲ್ಲಿರುವ ಮಗುವಿಗೆ. ದೇವರನ್ನು ಇಟ್ಟದ್ದು ಕಾಪಾಡಲಿ ಅಂತ. ಇಟ್ಟ ಜಾಗ ಮಾತ್ರ ತಪ್ಪು.

ಏರ್‌ಬ್ಯಾಗ್ ಅಂದರೆ ಮೆತ್ತನೆಯ ದಿಂಬು ಅನ್ನುವ ಕಲ್ಪನೆ ನಮ್ಮಲ್ಲಿದೆ. ಅದು ದಿಂಬಲ್ಲ. ಕಣ್ಣು ಮಿಟುಕಿಸುವುದಕ್ಕಿಂತ ಬೇಗ, ಒಂದು ಸಣ್ಣ ಸ್ಫೋಟದಿಂದ ಉಬ್ಬುವ ಚೀಲ. ಬೆಲ್ಟು ಹಾಕಿ, ಸೀಟಿಗೆ ಒರಗಿ ಕೂತ ದೊಡ್ಡವರನ್ನು ಲೆಕ್ಕಕ್ಕೆ ಇಟ್ಟುಕೊಂಡು ಮಾಡಿದ್ದು. ಅದಕ್ಕೂ ದೊಡ್ಡವರಿಗೂ ನಡುವೆ ಒಂದು ಮಗು ಕೂತಿದ್ದರೆ? 2024ರ ಸೆಪ್ಟೆಂಬರ್ ಕೊನೆಯಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ತಾಯಿಯ ಮಡಿಲಲ್ಲಿ ಮುಂದೆ ಕೂತಿದ್ದ ಎರಡು ವರ್ಷದ ಮಗು ಹೀಗೇ ತೀರಿಹೋಯಿತು. ಅದೇ ವರ್ಷ ಡಿಸೆಂಬರಿನಲ್ಲಿ ನವಿ ಮುಂಬೈನ ವಾಶಿಯಲ್ಲಿ ಆರು ವರ್ಷದ ಹುಡುಗ. ಎರಡರಲ್ಲೂ ಮಕ್ಕಳು ಮುಂದೆ ಇದ್ದದ್ದು ಪ್ರೀತಿಯಿಂದಲೇ. ನನ್ನ ಕಾರಿನಲ್ಲಿ ಅಮ್ಮ ಕೂತಿದ್ದ ರೀತಿಗೂ ಮಲಪ್ಪುರಂನ ಆ ತಾಯಿ ಕೂತಿದ್ದ ರೀತಿಗೂ ಏನು ವ್ಯತ್ಯಾಸ ಅಂತ ಯೋಚಿಸುತ್ತಾ ಕೂತೆ. ಏನೂ ಇರಲಿಲ್ಲ. ನಮಗೆ ಎದುರಿನಿಂದ ಯಾವ ಗಾಡಿಯೂ ಬಂದು ಗುದ್ದಲಿಲ್ಲ, ಅಷ್ಟೇ.

ಬೆಳಗ್ಗೆ ಅಮ್ಮನಿಗೆ ಹೇಳಿದೆ, ಇನ್ನು ಮೇಲೆ ಮಗುವನ್ನು ಎತ್ತಿಕೊಂಡು ಮುಂದೆ ಕೂರಬೇಡ ಅಂತ. "ಯಾಕೋ, ನನ್ ಕೈಯಾಗಿಂದ ಮೊಗ ಬೀಳ್ತದಾ? ನಿಮ್ಮಿಬ್ಬರ್ನೂ ಹಿಂಗೇ ಎತ್ಕಂಡು ತಿರುಪತಿಗೆ ಹೋಗಿವ್ನಿ" ಅಂದಳು. ಇದಕ್ಕೆ ಏನು ಹೇಳೋದು? ಹೋಗಿದ್ದು ನಿಜ, ಬದುಕಿರೋದೂ ನಿಜ.

ಹಾಗಾಗಿ ಲೆಕ್ಕ ಹಾಕಿದೆ. (ಇಂಜಿನಿಯರಿಂಗ್ ಮಾಡಿದ್ದಕ್ಕೆ ಇಷ್ಟಾದರೂ ಉಪಯೋಗವಾಗಲಿ.) ಮಗುವಿನ ತೂಕ ಹನ್ನೆರಡು ಕೆಜಿ ಇಟ್ಟುಕೊಳ್ಳಿ. ಕಾರಿನ ವೇಗ ಗಂಟೆಗೆ 50 ಕಿಲೋಮೀಟರ್, ಅಂದರೆ ಸೆಕೆಂಡಿಗೆ ಸುಮಾರು 14 ಮೀಟರ್. ಮರಕ್ಕೋ ಲಾರಿಗೋ ಗುದ್ದಿ, ಮುಂಭಾಗ ಅರವತ್ತು ಸೆಂಟಿಮೀಟರಿನಷ್ಟು ನುಜ್ಜುಗುಜ್ಜಾಗಿ ಕಾರು ನಿಲ್ಲುತ್ತದೆ ಅನ್ನೋಣ. ಕಾರು ನಿಲ್ಲಲು ಬೇಕಾದ ಸಮಯ ಸೆಕೆಂಡಿನ ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ. ಅಷ್ಟರಲ್ಲಿ ಆ ಮಗುವನ್ನು ಹಿಡಿದು ನಿಲ್ಲಿಸಲು ಬೇಕಾದ ಬಲ ಸುಮಾರು ಇನ್ನೂರು ಕೆಜಿ ಭಾರದಷ್ಟು. ಅಮ್ಮನಿಗೆ ನ್ಯೂಟನ್ ಬೇಡ, ಟೊಮೆಟೊ ಸಾಕು. ಕೋಲಾರದ ಎಪಿಎಂಸಿಗೆ ಹೋಗುವ ಬಾಕ್ಸು ಹದಿನೈದು ಕೆಜಿಯದು. "ಅಮ್ಮಾ, ಹದಿಮೂರು ಬಾಕ್ಸು ಟೊಮೆಟೊ ಒಟ್ಟಿಗೆ ನಿನ್ನ ಕೈಗೆ ಎಸೆದರೆ ಹಿಡೀತೀಯಾ? ಅದೂ ನಿನಗೆ ಹೇಳದೆ?" ಅಂದೆ. ಅಮ್ಮ ಮಾತಾಡಲಿಲ್ಲ. ಇನ್ನೊಂದನ್ನು ಹೇಳಲಿಲ್ಲ. ಬೆಲ್ಟು ಹಾಕದ ಅಮ್ಮನ ಐವತ್ತೈದು ಕೆಜಿ ಮೈಯೂ ಅದೇ ಹೊತ್ತಿಗೆ ಮುಂದಕ್ಕೆ ಹೋಗುತ್ತದೆ, ಮಗು ನಡುವೆ ಇರುತ್ತದೆ. ತಾಯಿಗೆ ಮಗ ಹೇಳುವ ಮಾತಲ್ಲ ಅದು. ಇಲ್ಲಿ ಬರೆಯುತ್ತಿದ್ದೇನೆ.

ಸರಿ, ಮಡಿಲಲ್ಲಿ ಕೂರಿಸಿಕೊಂಡು ಇಬ್ಬರಿಗೂ ಸೇರಿಸಿ ಬೆಲ್ಟು ಹಾಕಿದರಾಯಿತಲ್ಲ ಅಂತ ಅಕ್ಕ ಕೇಳಿದಳು. ಅದು ಇನ್ನೂ ಕೆಟ್ಟದ್ದು. ದೊಡ್ಡವರ ಭಾರವೆಲ್ಲ ಮಗುವಿನ ಮೇಲೆ, ಮಗು ಬೆಲ್ಟಿನ ಮೇಲೆ. ಬೆಲ್ಟಿನ ಲೆಕ್ಕವೇ ಬೇರೆ. ವೋಲ್ವೋದ ನಿಲ್ಸ್ ಬೋಲಿನ್ 1959ರಲ್ಲಿ ಈಗ ನಾವು ನೋಡುವ ಮೂರು ಬಿಂದುಗಳ ಬೆಲ್ಟು ತಂದ. ಕಂಪನಿ ಪೇಟೆಂಟನ್ನು ಎಲ್ಲರಿಗೂ ಬಿಟ್ಟುಕೊಟ್ಟಿತು. (ನಮ್ಮ ಕಡೆಯ ಓಪನ್ ಸೋರ್ಸ್ ಹುಡುಗರು ಪಾಠ ಮಾಡಬೇಕಾದ ಕಥೆ, ಇನ್ನೊಮ್ಮೆ ಬರೆಯುತ್ತೇನೆ.) ಆ ಪಟ್ಟಿ ಹೆಗಲಿನ ಮೂಳೆಯ ಮೇಲೆ ಮತ್ತು ಸೊಂಟದ ಮೂಳೆಯ ಮೇಲೆ ಕೂರಬೇಕು. ಮೈಯಲ್ಲಿ ಗಟ್ಟಿ ಇರುವ ಜಾಗಗಳು ಅವು. ನಾಲ್ಕು ವರ್ಷದ ಮಗುವಿಗೆ ಅದೇ ಬೆಲ್ಟು ಹಾಕಿದರೆ ಕುತ್ತಿಗೆಗೂ ಹೊಟ್ಟೆಗೂ ಬರುತ್ತದೆ. ಅದಕ್ಕೇ ಮಗುವನ್ನು ಎತ್ತರಿಸುವ ಬೂಸ್ಟರ್ ಸೀಟು. ಸುಮಾರು 135ರಿಂದ 150 ಸೆಂಟಿಮೀಟರ್ ಎತ್ತರ ಬರುವವರೆಗೂ ಬೇಕು. ಇನ್ನೂ ಚಿಕ್ಕವಕ್ಕೆ ತಮ್ಮದೇ ಪಟ್ಟಿಗಳಿರುವ ಸೀಟು. ತೀರಾ ಎಳೆಯ ಮಕ್ಕಳಾದರೆ ಮುಖ ಹಿಂದಕ್ಕೆ ಮಾಡಿ, ಹಿಂದಿನ ಸೀಟಿನಲ್ಲೇ. ಅವರ ತಲೆ ಭಾರ, ಕುತ್ತಿಗೆ ಎಳಸು, ಹಿಂದಕ್ಕೆ ಮುಖವಿದ್ದರೆ ಹೊಡೆತವನ್ನು ಇಡೀ ಬೆನ್ನು ಹಂಚಿಕೊಳ್ಳುತ್ತದೆ. ಎತ್ತರದ ಮೊಮ್ಮಗುವನ್ನು ಅಜ್ಜಿ ಬೆನ್ನಿಗೆ ಕೈ ಕೊಟ್ಟು ಹಿಡಿಯುತ್ತಾಳೋ ಕತ್ತಿಗೋ ಅಂತ ಯೋಚಿಸಿದರೆ ಅರ್ಥವಾಗುತ್ತದೆ.

ಇದೆಲ್ಲ ಕಾನೂನಿನಲ್ಲೂ ಇದೆ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 194ಬಿ ಅಂತ ಕಲಮು ಸೇರಿತು. ಹದಿನಾಲ್ಕು ವರ್ಷದೊಳಗಿನ ಮಗುವನ್ನು ಬೆಲ್ಟು ಅಥವಾ ಮಕ್ಕಳ ಸೀಟು ಇಲ್ಲದೆ ಕೂರಿಸಿಕೊಂಡು ಗಾಡಿ ಓಡಿಸಿದವನಿಗೆ ಸಾವಿರ ರೂಪಾಯಿ ದಂಡ. ಗಮನಿಸಿ, ದಂಡ ತಾಯಿಗಲ್ಲ, ಅಜ್ಜಿಗಲ್ಲ, ಓಡಿಸಿದವನಿಗೆ. ನನ್ನ ಇಡೀ ಬರಹದ ಜಗಳ ಇರೋದು ಇಲ್ಲೇ. ಕಾನೂನಿಗೆ ನಾನು ಕಾರಿನ ಯಜಮಾನ. ನಮ್ಮನೆಯಲ್ಲಿ ನಾನು ಎಲ್ಲರಿಗಿಂತ ಚಿಕ್ಕ ಗಂಡಸು, ಅದಕ್ಕೇ ಡ್ರೈವರು. ನಮ್ಮ ಕಡೆ ಕಾರು ಓಡಿಸುವುದು ಬಹುತೇಕ ತಮ್ಮನೋ ಅಳಿಯನೋ ಬಾಡಿಗೆ ಡ್ರೈವರೋ. ಕೂರುವವರು ದೊಡ್ಡಪ್ಪ, ಮಾವ, ಬೀಗರು. ಯಾವ ಬಾಯಿಂದ "ದೊಡ್ಡಪ್ಪ, ಬೆಲ್ಟು ಹಾಕಿ" ಅನ್ನೋದು? ಅಂದರೆ "ನಿನ್ನೆ ಮೊನ್ನೆ ಚಡ್ಡಿ ಹಾಕ್ತಿದ್ದೋನು" ಅಂತ ಶುರುವಾಗುತ್ತದೆ. ಬಾಡಿಗೆ ಡ್ರೈವರ್ ಅಂತೂ ಬಾಯೇ ಬಿಡುವಂತಿಲ್ಲ. ಹಾಗಾಗಿ ಕಾರಿನಲ್ಲಿ ಅಧಿಕಾರ ಒಬ್ಬರದು, ಹೊಣೆ ಇನ್ನೊಬ್ಬರದು. ಬೆಲ್ಟು, ಲಾಕು, ಏರ್‌ಬ್ಯಾಗು ಎಷ್ಟು ತಂದರೂ ಈ ಒಂದು ಗಂಟು ಬಿಚ್ಚದಿದ್ದರೆ ಏನೂ ಉಪಯೋಗವಿಲ್ಲ ಅನ್ನೋದು ನನ್ನ ಅಭಿಪ್ರಾಯ. ವಿಮಾನದಲ್ಲಿ ಅದೇ ದೊಡ್ಡಪ್ಪ ಇಪ್ಪತ್ತೆರಡು ವರ್ಷದ ಹುಡುಗಿ ಹೇಳಿದ ಕೂಡಲೇ ಸೊಂಟಕ್ಕೆ ಬೆಲ್ಟು ಬಿಗಿದುಕೊಳ್ಳುತ್ತಾರೆ. ಅಲ್ಲಿ ಹೇಳುವ ಹಕ್ಕು ಅವಳದು ಅಂತ ಎಲ್ಲರೂ ಒಪ್ಪಿಕೊಂಡಾಗಿದೆ. ಕಾರಿನಲ್ಲಿ ಕೀಲಿ ಹಿಡಿದವನಿಗೆ ಆ ಹಕ್ಕು ಕೊಡಲು ನಮಗೇನು ಕಷ್ಟ?

ಹಿಂದಿನ ಸೀಟು ಸೇಫು ಅನ್ನುವ ನಂಬಿಕೆಯೂ ಗಟ್ಟಿ. 2022ರ ಸೆಪ್ಟೆಂಬರ್ 4ರಂದು ಪಾಲ್ಘರ್ ಹತ್ತಿರದ ಸೇತುವೆಗೆ ಸೈರಸ್ ಮಿಸ್ತ್ರಿಯವರ ಕಾರು ಗುದ್ದಿತಲ್ಲ, ಮುಂದಿದ್ದ ಇಬ್ಬರು ಉಳಿದರು, ಬೆಲ್ಟು ಹಾಕದೆ ಹಿಂದಿದ್ದ ಇಬ್ಬರು ಹೋದರು. ಕೋಟ್ಯಧಿಪತಿಯ ಬೆಂಜ್ ಕಾರು. ಅದಾದ ಮೇಲೆ ಒಂದು ತಿಂಗಳು ಎಲ್ಲರೂ ಹಿಂದಿನ ಬೆಲ್ಟಿನ ಬಗ್ಗೆ ಮಾತಾಡಿದರು, ಆಮೇಲೆ ಮರೆತರು. ಕೇಂದ್ರ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ ಅದೇ 2022ರಲ್ಲಿ ಬೆಲ್ಟು ಹಾಕದೆ ಸತ್ತವರು 16,715 ಜನ. ಅದರಲ್ಲಿ 8,331 ಜನ ಓಡಿಸುತ್ತಿದ್ದವರಲ್ಲ, ಸುಮ್ಮನೆ ಕೂತಿದ್ದವರು.

ಅಮ್ಮನ ತಲೆಮಾರಿನವರಿಗೆ ಕಾರು ಅಪಘಾತ ಅಂದರೆ ಇವತ್ತಿಗೂ ಶಂಕರ್ ನಾಗ್. 1990ರ ಸೆಪ್ಟೆಂಬರ್ 30, ದಾವಣಗೆರೆ ಹತ್ತಿರದ ಆನಗೋಡು. ಅಮ್ಮ ಆ ಸುದ್ದಿ ಕೇಳಿದ ದಿನವನ್ನು ಈಗಲೂ ಹೇಳುತ್ತಾಳೆ. ಆಗ ಕಾರಿನಲ್ಲಿ ಬೆಲ್ಟು ಇರಲೇಬೇಕು ಅನ್ನುವ ನಿಯಮವೇ ನಮ್ಮ ದೇಶದಲ್ಲಿ ಇರಲಿಲ್ಲ. ಮುಂದಿನ ಸೀಟಿಗೆ ಬಂದದ್ದು 1994ರಲ್ಲಿ, ಹಿಂದಿನದಕ್ಕೆ 2002ರಲ್ಲಿ. ನಮ್ಮನ್ನು ಎತ್ತಿಕೊಂಡು ತಿರುಪತಿಗೆ ಹೋದ ಆ ಬಾಡಿಗೆ ಅಂಬಾಸಿಡರ್‌ನಲ್ಲಿ ಅಮ್ಮನಿಗೆ ಬೇರೆ ದಾರಿ ಇರಲಿಲ್ಲ. ನನಗೆ ಇತ್ತು. ನಾನು ಅದನ್ನು ಸೀಟ್ ಕವರಿನ ಕೆಳಗೆ ತಳ್ಳಿಸಿದ್ದೆ.

ಊರಲ್ಲಿ ಈ ವಿಷಯ ಎತ್ತಿದಾಗ ದೊಡ್ಡಪ್ಪ ಒಂದು ಮಾತು ಅಂದರು. "ನೆಲಮಂಗಲದಾಗೆ ಕೋಟಿ ರೂಪಾಯಿ ಕಾರು, ಮೇಲೆ ಕಂಟೈನರ್ ಬಿದ್ದು ಆರು ಜನ ಹೋಗ್ಲಿಲ್ವೇನಪ್ಪ? ಯಾವ ಬೆಲ್ಟು ಕಾಪಾಡ್ತು? ಹಣೇಲಿ ಬರ್ದಿದ್ದು." 2024ರ ಡಿಸೆಂಬರ್ 21ರ ಸುದ್ದಿ ಅದು, ಒಂದೇ ಕುಟುಂಬದವರು. ನಾನು ಸುಮ್ಮನಾದೆ, ಯಾಕೆಂದರೆ ಆ ಒಂದು ಘಟನೆಗೆ ದೊಡ್ಡಪ್ಪ ಹೇಳಿದ್ದು ಸರಿಯೇ, ಅಷ್ಟು ಭಾರ ಬಿದ್ದರೆ ಯಾವುದೂ ಉಳಿಸುವುದಿಲ್ಲ. ಆಮೇಲೆ ಹೊಳೆಯಿತು. ಆಲಿಕಲ್ಲು ಬಿದ್ದರೆ ಮಾವು ಉದುರಿಯೇ ಉದುರುತ್ತದೆ, ಹಾಗಂತ ಹೂ ಬಿಡುವ ಕಾಲಕ್ಕೆ ದೊಡ್ಡಪ್ಪ ತೋಪಿಗೆ ಔಷಧಿ ಹೊಡೆಯುವುದನ್ನು ನಿಲ್ಲಿಸಿದ್ದಾರಾ? ಯಾವಾಗಲೂ ಒಳ್ಳೆಯ ಉತ್ತರ ಹೊಳೆಯುವುದು ಎದ್ದು ಬಂದ ಮೇಲೆ.

ಇನ್ನೊಂದು ಮಾತು ನನ್ನ ಗೆಳೆಯನದು. ಊರಲ್ಲಿ ಟಿವಿಎಸ್ ಎಕ್ಸೆಲ್ ಮೇಲೆ ಗಂಡ, ಹೆಂಡತಿ, ಮುಂದೆ ನಿಂತ ಒಂದು ಮಗು, ನಡುವೆ ಒಂದು, ಹೀಗೆ ಹೋಗುತ್ತಾರೆ. ಅವರ ಮುಂದೆ ನೀನು ಕಾರಿನ ಸೀಟಿನ ಬಗ್ಗೆ ಮಾತಾಡೋದು ಶ್ರೀಮಂತರ ಕಷ್ಟ ಅಲ್ವಾ ಅಂದ. ಈ ಮಾತು ಚುಚ್ಚಿತು. ಒಂಬತ್ತು ತಿಂಗಳಿಂದ ನಾಲ್ಕು ವರ್ಷದ ಮಕ್ಕಳಿಗೆ ಬೈಕಿನಲ್ಲಿ ಹೆಲ್ಮೆಟ್ಟು, ಓಡಿಸುವವರ ಮೈಗೆ ಕಟ್ಟುವ ಪಟ್ಟಿ, ನಲವತ್ತಕ್ಕಿಂತ ಕಡಿಮೆ ವೇಗ ಅಂತ 2023ರ ಫೆಬ್ರವರಿಯಿಂದ ನಿಯಮ ಇದೆ. ನಮ್ಮೂರಲ್ಲಿ ನಾನು ಕೇಳಿದ ಯಾರಿಗೂ ಗೊತ್ತಿರಲಿಲ್ಲ. 2023ರ ಅಕ್ಟೋಬರ್ 26ರ ಬೆಳಗ್ಗೆ ಚಿಕ್ಕಬಳ್ಳಾಪುರದ ಹತ್ತಿರ ಮಂಜಿನಲ್ಲಿ ನಿಂತಿದ್ದ ಟ್ಯಾಂಕರಿಗೆ ಸುಮೋ ಗುದ್ದಿ ಹದಿಮೂರು ಜನ ಹೋದರು, ಕೂಲಿ ಹುಡುಕಿ ಬೆಂಗಳೂರಿಗೆ ಹೊರಟವರು ಅದರಲ್ಲಿದ್ದರು. ಅಷ್ಟು ಜನ ಇರುವ ಗಾಡಿಯಲ್ಲಿ ಬೆಲ್ಟಿನ ಮಾತೇ ಇಲ್ಲ. ಬಡವರಿಗೆ ಬೆಲ್ಟಿರುವ ಸೀಟೇ ಸಿಗುವುದಿಲ್ಲ, ನಿಜ. ಆದರೆ ಸಿಕ್ಕವನು ಅದರ ಮೇಲೆ ಕವರು ಹೊದಿಸಿ ಕೂತಿದ್ದಕ್ಕೆ ಅದು ಸಮರ್ಥನೆ ಆಗುವುದಿಲ್ಲವಲ್ಲ.

ಕೇರಳದಲ್ಲಿ ಮಲಪ್ಪುರಂ ಘಟನೆಯ ಮೇಲೆ ಅಲ್ಲಿನ ಸಾರಿಗೆ ಆಯುಕ್ತರು ಮಕ್ಕಳ ಸೀಟು ಕಡ್ಡಾಯ, ಡಿಸೆಂಬರಿನಿಂದ ದಂಡ ಅಂದರು. ಸಚಿವರು ತಕ್ಷಣ, ಇಲ್ಲ ಇಲ್ಲ, ದಂಡ ಹಾಕಲ್ಲ ಅಂದುಬಿಟ್ಟರು. ನನಗೆ ಆಶ್ಚರ್ಯವಾಗಲಿಲ್ಲ. ಮಡಿಲಿನ ವಿರುದ್ಧ ಯಾವ ರಾಜಕಾರಣಿ ಮಾತಾಡುತ್ತಾನೆ?

ಚೈಲ್ಡ್ ಲಾಕಿನ ಬಗ್ಗೆ ಒಂದು ಎಚ್ಚರಿಕೆ ಹೇಳಲೇಬೇಕು, ಯಾಕೆಂದರೆ ನಾನು ಆ ರಾತ್ರಿ ಸನ್ನೆ ಒತ್ತಿ, ಎಲ್ಲ ಸರಿಹೋಯಿತು ಅಂದುಕೊಂಡು ಮಲಗಿದ್ದೆ. ಬೆಳಗ್ಗೆ ಅಕ್ಕ ನೆನಪಿಸಿದಳು. 2025ರ ಮೇ ತಿಂಗಳಲ್ಲಿ ಆಂಧ್ರದ ವಿಜಯನಗರಂ ಬಳಿಯ ದ್ವಾರಪೂಡಿಯಲ್ಲಿ ನಿಂತಿದ್ದ ಕಾರಿನೊಳಗೆ ಆಡಲು ಹೋದ ನಾಲ್ಕು ಮಕ್ಕಳು ಹೊರಬರಲಾಗದೆ ಉಸಿರುಕಟ್ಟಿ ಸತ್ತವು. ತೆಲುಗು ಚಾನೆಲ್‌ಗಳಲ್ಲಿ ದಿನವಿಡೀ ಬಂದಿತ್ತು, ನಮ್ಮ ಮನೆಯಲ್ಲೂ ನೋಡಿದ್ದೆವು. ನಮ್ಮೂರ ಅಂಗಳದಲ್ಲೂ ಕಾರು ಹಾಗೇ ನಿಂತಿರುತ್ತದೆ, ಓಣಿಯ ಮಕ್ಕಳಿಗೆಲ್ಲ ಅದು ಆಟದ ಮನೆ. ಚೈಲ್ಡ್ ಲಾಕು ಹಾಕಿದ ಹಿಂದಿನ ಬಾಗಿಲು ಒಳಗಿನಿಂದ ತೆರೆಯುವುದಿಲ್ಲ ಅನ್ನುವುದು ಓಡುವಾಗ ವರ, ನಿಂತಾಗ ಅಪಾಯ. ಹಾಗಾಗಿ ನಿಲ್ಲಿಸಿದ ಕಾರಿಗೆ ಬೀಗ ಹಾಕಿ ಕೀಲಿ ಮೇಲೆ ನೇತುಹಾಕುವುದು ಈಗ ಮನೆಯ ನಿಯಮ. ಜೊತೆಗೆ ಸೊಸೆಮುದ್ದಿಗೆ ಒಂದು ಆಟ ಕಲಿಸಿದ್ದೇನೆ. ಒಳಗೆ ಸಿಕ್ಕಿಕೊಂಡರೆ ಮುಂದಿನ ಸೀಟಿಗೆ ಹಾರು, ಹಾರ್ನ್ ಒತ್ತು, ಮಾಮ ಬರೋವರೆಗೂ ಬಿಡಬೇಡ. ನನ್ನ ಕಾರಿನ ಹಾರ್ನು ಕೀಲಿ ಇಲ್ಲದೆಯೂ ಕೂಗುತ್ತದೆ. ನಿಮ್ಮದು ಕೂಗುತ್ತದಾ, ಇವತ್ತೇ ನೋಡಿಕೊಳ್ಳಿ. (ಈ ಆಟದಿಂದ ಬೀದಿಯವರೆಲ್ಲ ಎರಡು ದಿನ ನನ್ನನ್ನು ಬೈದರು.) ಡ್ರೈವರ್ ಬಾಗಿಲಿನ ಮೇಲೆ ಹಿಂದಿನ ಕಿಟಕಿಗಳನ್ನು ಲಾಕ್ ಮಾಡುವ ಬಟನ್ನೂ ಇರುತ್ತದೆ. ಅದನ್ನೂ ನಾನು ಅವತ್ತೇ ಮೊದಲ ಸಲ ಒತ್ತಿದ್ದು.

ರಜೆ ಮುಗಿದ ಮೇಲೆ ಅಕ್ಕ ಮಕ್ಕಳನ್ನು ಕರೆದುಕೊಂಡು ಬಸ್ಸಿನಲ್ಲಿ ಬೆಂಗಳೂರಿಗೆ ಹೋದಳು. ಮುನಿಸಿಕೊಂಡಲ್ಲ, ನಾನೇ ಹಾಗೆ ಹೇಳಿದ್ದು. ನಾನೊಬ್ಬನೇ ಖಾಲಿ ಕಾರಿನಲ್ಲಿ ಬಂದೆ. ಸೀಟ್ ಕವರು ಕೀಳಿಸಿ ಬಕಲ್‌ಗಳಿಗೆ ಜಾಗ ಬಿಟ್ಟು ಮತ್ತೆ ಹಾಕಿಸಿದೆ. ಆ ಲೋಹದ ನಾಲಗೆ ಕಸಕ್ಕೆ. ಗಣೇಶನನ್ನು ಕ್ಷಮೆ ಕೇಳಿ ಮನೆಯ ದೇವರ ಗೂಡಿಗೆ ಸಾಗಿಸಿ, ಅವನ ಒಂದು ಸಣ್ಣ ಚಿತ್ರವನ್ನು ಮೀಟರಿನ ಪಕ್ಕ ಅಂಟಿಸಿದೆ. ಮಕ್ಕಳ ಸೀಟುಗಳು ಐದಾರು ಸಾವಿರದಿಂದ ಶುರುವಾಗುತ್ತವೆ. ಭಾವ ಒಂದು ಕೊಂಡರು, ಬೂಸ್ಟರು ನಾನು. ಕಳೆದ ಹುಟ್ಟುಹಬ್ಬಕ್ಕೆ ಕೇಕು, ಬಲೂನು, ಹಾಲು ಅಂತ ಇದಕ್ಕಿಂತ ಹೆಚ್ಚೇ ಖರ್ಚಾಗಿತ್ತು.

ಆಮೇಲೆ ಸಂಕ್ರಾಂತಿಗೆ ಎಲ್ಲರೂ ಊರಲ್ಲಿ ಸೇರಿದಾಗ ಕುರುಡುಮಲೆಗೆ ಹೋಗೋಣ ಅಂತಾಯಿತು. ಮಕ್ಕಳು ಸೇರಿ ಎಂಟು ಜನ, ಕಾರಿನಲ್ಲಿ ಐದು ಸೀಟು. ಮೊದಲಾಗಿದ್ದರೆ ಎಂಟೂ ಜನ ತುಂಬಿಕೊಂಡು ಹೋಗುತ್ತಿದ್ದೆವು. ಈ ಸಲ ಎರಡೂ ಕಡೆ ಮಕ್ಕಳ ಸೀಟು, ನಡುವೆ ಅಕ್ಕ, ಮುಂದೆ ಅಜ್ಜಿ. ಅಪ್ಪ, ಅಮ್ಮ, ಭಾವ ಬಸ್ಸಿಗೆ. "ಮಗ ಕಾರು ತಗಂಡವ್ನೆ ಅಂತ ಊರೆಲ್ಲಾ ಹೇಳ್ಕಂಡು ಈಗ ನಾನು ಬಸ್ಸಲ್ಲಿ ಹೋಗ್ಬೇಕಾ?" ಅಂತ ಅಮ್ಮ ಮುಖ ಊದಿಸಿದಳು. ಅಪ್ಪ ಏನೂ ಹೇಳದೆ ಚಪ್ಪಲಿ ಮೆಟ್ಟಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದರು, ಆ ಸಹಾಯವನ್ನು ನಾನು ಮರೆಯುವುದಿಲ್ಲ.

ಅಜ್ಜಿಗೆ ಬೆಲ್ಟು ಹಾಕಿಸಲು ಒಂದು ಸುಳ್ಳು ಹೇಳಿದೆ. "ಅಜ್ಜೀ, ಇದು ಕಂಪ್ಯೂಟರ್ ಗಾಡಿ. ಎಲ್ಲರೂ ಬೆಲ್ಟು ಹಾಕದಿದ್ರೆ ಇಂಜಿನ್ನೇ ಸ್ಟಾರ್ಟ್ ಆಗಲ್ಲ." ಅಜ್ಜಿ ನಂಬಿದಳು. ಸತ್ಯ ಹೇಳಿ ಒಂದು ತಿಂಗಳಲ್ಲಿ ಆಗದ ಕೆಲಸ ಸುಳ್ಳಿನಿಂದ ಒಂದು ನಿಮಿಷದಲ್ಲಿ ಆಯಿತು, ಅದು ಸರಿಯಾ ತಪ್ಪಾ ಇನ್ನೂ ತೀರ್ಮಾನಿಸಿಲ್ಲ. ಚಿಕ್ಕವನು ತನ್ನ ಹೊಸ ಸೀಟಿನಲ್ಲಿ ಮುಳಬಾಗಿಲಿನವರೆಗೂ ಅತ್ತ. ಎರಡು ಸಲ ನಿಲ್ಲಿಸಿ, ಇಳಿಸಿ, ಸಮಾಧಾನ ಮಾಡಿ ಮತ್ತೆ ಕಟ್ಟಿದೆವು. ಓಡುತ್ತಿರುವಾಗ ಮಾತ್ರ ಬಿಚ್ಚಲಿಲ್ಲ. ಅಕ್ಕನ ಕಣ್ಣಲ್ಲೂ ನೀರಿತ್ತು.

ನಾವು ಹೋಗಿ ತಲುಪುವಷ್ಟರಲ್ಲಿ ಅಮ್ಮ ದೇವಸ್ಥಾನದ ಮೆಟ್ಟಿಲ ಮೇಲೆ ಕೂತು ಕಡ್ಲೆಕಾಯಿ ಸುಲಿಯುತ್ತಿದ್ದಳು. "ಏನಪ್ಪ ಇಂಜಿನಿಯರು, ನಿನ್ ಕಾರಿಗಿಂತ ನಮ್ ಕೆಂಪು ಬಸ್ಸೇ ವಾಸಿ" ಅಂದಳು. ವಾಪಸ್ ಬರುವಾಗ ಅಜ್ಜಿಯನ್ನು ಬಸ್ಸಿಗೆ ಕಳಿಸಿ ತಾನು ಮುಂದೆ ಕೂರುತ್ತೇನೆ ಅಂತ ಕೇಳಿದಳು. ಅಜ್ಜಿ ಆಗಲೇ ಸೀಟಿನಲ್ಲಿ ಕೂತು ಪಟ್ಟಿ ಎಳೆದುಕೊಂಡು ಬಕಲ್ ಹುಡುಕುತ್ತಿ‌ದ್ದಳು. "ನೀನು ಬಸ್ಸಾಗೇ ಬಾರಮ್ಮಾ. ಈ ಗಾಡಿ ಸ್ಟಾರ್ಟ್ ಮಾಡಾದು ನಂಗೆ ಗೊತ್ತೈತೆ."